ಖಗೋಳ ಪಾಠಕ್ಕೆ ಅಂಜಬೇಕಾಗಿಲ್ಲ

ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಮಕ್ಕಳು ಕಾಲೇಜಿನಲ್ಲಿ ಖಗೋಳ ವಿಜ್ಞಾನದ ಮೊದಲ ಪಾಠಗಳನ್ನು ಇಂಗ್ಲಿಷಿನಲ್ಲಿ ಕೇಳಿ ಎದೆಗುಂದುವುದುಂಟು. ಆದರೆ ಆ ಪಾಠಗಳ ಬುನಾದಿ ಕೋನದ ಅಳತೆ. ಅದನ್ನು ಮನೆಯಂಗಳದಲ್ಲೇ ಕಲಿಯಬಹುದು.

ಧ್ರುವ ನಕ್ಷತ್ರವು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ, ಹೆಚ್ಚುಕಡಿಮೆ ಅಷ್ಟೇ ಆ ಊರಿನ ಅಕ್ಷಾಂಶ. ಕಾಸರಗೋಡಿನಲ್ಲಿ ಅದು ಸುಮಾರು 12.5 ಡಿಗ್ರಿ. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ತೆಂಗು ಕಂಗುಗಳ ಮರೆಯಿಲ್ಲದ ಬಯಲಿನಲ್ಲಿ ಉತ್ತರಕ್ಕೆ ಮುಖಮಾಡಿದರೆ, ಒಂದು ಮುಷ್ಟಿಗಿಂತ ತುಸು ಮೇಲೆ ಧ್ರುವ ಸಿಗುತ್ತದೆ. ಇನ್ನು, ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ, ತಿಂಗಳಿಗೆ 2 ಗಂಟೆ ಬೇಗ ಮೂಡುತ್ತವೆ. ಭೂಮಿ ಸೂರ್ಯನನ್ನು ಸುತ್ತುವುದೇ ಇದಕ್ಕೆ ಕಾರಣ.

ಕನ್ನಡದಲ್ಲಿ ಓದಲು ಜಿ.ಟಿ. ನಾರಾಯಣ ರಾವ್ (1926-2008) ಅವರ ಪುಸ್ತಕಗಳಿವೆ. ವಿಷಯ ತಾಯ್ನುಡಿಯಲ್ಲಿ ಮನದಟ್ಟಾದರೆ ಇಂಗ್ಲಿಷ್ ಪದಗಳು ತಾವಾಗಿ ಒಲಿಯುತ್ತವೆ. ಹೆತ್ತವರು ಈ ಧೈರ್ಯವನ್ನು ಮಕ್ಕಳಿಗೆ ತುಂಬಬೇಕು.