ಸೀಸೆಗೆ ಸುಳ್ಳು ಹೇಳಲಾಗದು

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಕುಸ್ತಿ ಎಂದರೆ ಮಕ್ಕಳು, ಮುದುಕರು ಒಟ್ಟಿಗೇ ಓಡುತ್ತೇವೆ. ಗರಡಿಯ ಹುಡುಗ ರಾಷ್ಟ್ರಮಟ್ಟಕ್ಕೆ ಏರಿದರೆ ಅಖಾಡದ ಆಚೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ: ಉದ್ದೀಪನ ಮದ್ದು ತಿಂದಿದ್ದಾನೆಯೇ ಎಂದು ನೋಡುವ ಮೂತ್ರಪರೀಕ್ಷೆ.

ಮಕ್ಕಳೇ, ನಗಬೇಡಿ! ಬೇರೆಯವರ ಮೂತ್ರ ಕೊಟ್ಟು, ನೀರು ಬೆರೆಸಿ ಮೋಸ ಮಾಡುವವರಿದ್ದಾರೆ. ಅದಕ್ಕೇ ಅಧಿಕಾರಿ ಎದುರೇ ನಿಂತಿರುತ್ತಾರೆ. ಕನಿಷ್ಠ 90 ಮಿಲಿಲೀಟರ್ ಮೂತ್ರವನ್ನು ಆಟಗಾರನೇ ಎ, ಬಿ ಎಂಬ ಎರಡು ಸೀಸೆಗಳಿಗೆ ಸುರಿದು ಮುಚ್ಚುತ್ತಾನೆ. ಪ್ರಯೋಗಾಲಯಕ್ಕೆ ತಿಳಿಯುವುದು ಸಂಖ್ಯೆ ಮಾತ್ರ, ಹೆಸರಲ್ಲ. ನಾನು ಗುಮಾಸ್ತನಾಗಿದ್ದ ಬ್ಯಾಂಕಿನಲ್ಲಿ ತಿಜೋರಿಯ ಎರಡು ಕೀಲಿ ಇಬ್ಬರ ಕೈಯಲ್ಲಿರುತ್ತಿದ್ದವು. ಅದು ಕಳ್ಳನನ್ನು ತಡೆಯುತ್ತಿತ್ತು, ಪ್ರಾಮಾಣಿಕನನ್ನು ಅನುಮಾನದಿಂದ ಕಾಯುತ್ತಿತ್ತು. ಈ ಎರಡು ಸೀಸೆಗಳೂ ಹಾಗೆಯೇ.

2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆಯಂತೆ ಮದ್ದು ತಿನ್ನುವುದಷ್ಟೇ ಅಲ್ಲ, ಮಾದರಿ ಕೆಡಿಸುವುದು, ತಪ್ಪಿಸಿಕೊಳ್ಳುವುದು, ಸರಿಯಾದ ಕಾರಣವಿಲ್ಲದೆ ಕೊಡೆನೆನ್ನುವುದೂ ತಪ್ಪೇ. ಪದಕ ಹೋಗಬಹುದು, ವರ್ಷಗಟ್ಟಲೆ ಆಟವೂ ಹೋಗಬಹುದು.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಕುಸ್ತಿಪಟು ಬಜರಂಗ್ ಪೂನಿಯಾ 2024ರ ಮಾರ್ಚ್ 10ರಂದು ಸೋನಿಪತ್‌ನಲ್ಲಿ ಮಾದರಿ ಕೊಡಲಿಲ್ಲ. ಹಿಂದೆ ಅವಧಿ ಮೀರಿದ ಕಿಟ್ ತಂದಿದ್ದರು, ಅದಕ್ಕೆ ಮೊದಲು ಉತ್ತರ ಬೇಕು ಎಂಬುದು ಅವರ ವಾದ. ನಾಡಾದ ಶಿಸ್ತು ಸಮಿತಿ ಅದನ್ನು ಒಪ್ಪದೆ ನವೆಂಬರಿನಲ್ಲಿ 4 ವರ್ಷ ನಿಷೇಧ ಹೇರಿತು. ಸೀಸೆಯಲ್ಲಿ ಮದ್ದು ಸಿಕ್ಕಿರಲಿಲ್ಲ, ಸೀಸೆಯೇ ತುಂಬಿರಲಿಲ್ಲ.

ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳಿಗೆ ಹಾಲು, ಬಾದಾಮಿಯ ಜೊತೆ ಈ ಮಾತನ್ನೂ ಕೊಡಿ: ತಕರಾರಿದ್ದರೆ ಅಲ್ಲಿಯ ಫಾರ್ಮಿನಲ್ಲೇ ಬರೆಯಲು ಜಾಗವಿದೆ. ಬರೆ, ಸಹಿ ಮಾಡು. ಮಾದರಿ ಮಾತ್ರ ಕೊಟ್ಟೇ ಬಾ.