ಅಡಿಗೆಮನೆಯ ವಿದ್ಯುತ್ ಲೆಕ್ಕ

ದಿನಸಿಯ ಲೆಕ್ಕ, ಹಾಲಿನ ಲೆಕ್ಕ, ಮಕ್ಕಳ ಶಾಲೆಯ ಫೀಜಿನ ಲೆಕ್ಕ, ಇವೆಲ್ಲ ನಮ್ಮ ಗೃಹಿಣಿಯರ ನಾಲಗೆಯ ತುದಿಯಲ್ಲೇ ಇರುತ್ತವೆ. ಆದರೆ ಅಡಿಗೆಮನೆಯ ಗೋಡೆಯೊಳಗೆ ಹರಿಯುವ ವಿದ್ಯುತ್ತಿನ ಲೆಕ್ಕವೇನೆಂದು ಕೇಳಿದರೆ, "ಅದು ಲೈನ್‌ಮನ್ನಿನ ಕೆಲಸ" ಎಂದು ನಾವೆಲ್ಲ ಕೈಚೆಲ್ಲುತ್ತೇವೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಹರಿಯಿತು. ಇಷ್ಟು ಹಳೆಯ ನೆಂಟನ ಪರಿಚಯವನ್ನು ಇನ್ನಾದರೂ ಸರಿಯಾಗಿ ಮಾಡಿಕೊಳ್ಳಬೇಡವೆ?

ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದು ಮಿಯಾಪುರದಲ್ಲಿ ನೆಲಸಿದ ನಮಗೆ ಈ ಪ್ರಶ್ನೆ ಈಗ ಹತ್ತಿರದ್ದಾಗಿದೆ. 2017ರಲ್ಲಿ ಮೆಟ್ರೋ ರೈಲು ಬಂತು. ಬಹುಮಹಡಿಯ ಕಟ್ಟಡಗಳು ಇನ್ನಷ್ಟು ಎದ್ದವು. 2022ರಲ್ಲಿ ಗ್ಯಾಸ್ ಸಿಲಿಂಡರಿನ ಬೆಲೆ ಸಾವಿರ ರೂಪಾಯಿ ದಾಟಿದಾಗ ಇಂಡಕ್ಷನ್ ಒಲೆಯ ಮಾತು ಮನೆಮನೆಯಲ್ಲೂ ಕೇಳಿಬಂತು. ಒಲೆಯೇನೋ ಚಿಕ್ಕದು, ಅದರ ಹಸಿವು ದೊಡ್ಡದು.

ಲೆಕ್ಕ ಸುಲಭ. ಉಪಕರಣದ ಮೇಲೆ ಬರೆದ ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ತಂತಿಯಲ್ಲಿ ಹರಿಯುವ ಆಂಪಿಯರ್ ಸಿಗುತ್ತದೆ. 2000 ವ್ಯಾಟಿನ ಒಲೆಗೆ ಸುಮಾರು 8.7 ಆಂಪಿಯರ್. ಚಿಕ್ಕ ಪ್ಲಗ್ಗಿನ ತಾಳಿಕೆ 6 ಆಂಪಿಯರ್ ಮಾತ್ರ. ಆದ್ದರಿಂದ ಈ ಒಲೆಗೆ 16 ಆಂಪಿಯರಿನ ದೊಡ್ಡ ಪ್ಲಗ್ಗೇ ಬೇಕು. ತಂತಿಯಲ್ಲಿ ವಿದ್ಯುತ್ ಪ್ರವಾಹ ಎರಡರಷ್ಟಾದರೆ ಕಾವು ನಾಲ್ಕರಷ್ಟಾಗುತ್ತದೆ ಎಂಬುದನ್ನು ನೆನಪಿಡಬೇಕು. ಆ ಕಾವು ಗೋಡೆಯೊಳಗೆ ಕಣ್ಣಿಗೆ ಬೀಳದಂತೆ ಬೆಳೆಯುತ್ತದೆ. ಬೆಂಕಿ ಹುಟ್ಟುವುದೂ ಅಲ್ಲಿಯೇ.

ಇನ್ನು ಒಂದು ಮನೆಯ ಬೆಳಗಿನ ಏಳು ಗಂಟೆಯನ್ನು ಊಹಿಸಿಕೊಳ್ಳೋಣ. ಒಲೆ 2000 ವ್ಯಾಟ್, ಬಚ್ಚಲಿನ ಗೀಸರ್ 2000, ಚಟ್ನಿ ಅರೆಯುವ ಮಿಕ್ಸಿ 750, ಫ್ರಿಜ್ಜು 200, ದೀಪ ಫ್ಯಾನುಗಳು 300. ಒಟ್ಟು 5250 ವ್ಯಾಟ್, ಅಂದರೆ ಸುಮಾರು 23 ಆಂಪಿಯರ್. ಆ ಮನೆಗೆ ಮಂಜೂರಾದ ಲೋಡು 3 ಕಿಲೋವ್ಯಾಟ್ ಮಾತ್ರವಾಗಿದ್ದರೆ? ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಸ್ನಾನ ಮುಗಿದು ಗೀಸರ್ ಆರಿದ ಮೇಲೆ ಒಲೆ ಹಚ್ಚಿದರೆ 3250. ಚಟ್ನಿಯನ್ನು ಮೊದಲೇ ಅರೆದಿಟ್ಟರೆ 2500. ಒಂದು ಪೈಸೆಯೂ ಖರ್ಚಿಲ್ಲದೆ ಹೊರೆ ಅರ್ಧಕ್ಕಿಂತ ಕಡಿಮೆಯಾಯಿತು!

ಅಮೆರಿಕದಲ್ಲಿರುವ ನಮ್ಮ ಬಂಧುಗಳ ಮನೆಗಳಲ್ಲಿ ನಾಲ್ಕು ಒಲೆ ಮತ್ತು ಒಂದು ಓವನ್ ಕೂಡಿದ 'ರೇಂಜ್' ಇರುತ್ತದೆ. ಅಲ್ಲಿಯ ವಿದ್ಯುತ್ ಸಂಹಿತೆಯಲ್ಲಿ ಇದಕ್ಕೆಂದೇ ಒಂದು ಕೋಷ್ಟಕವಿದೆ. 12 ಕಿಲೋವ್ಯಾಟ್‌ವರೆಗಿನ ಒಂದು ರೇಂಜಿಗೆ 8 ಕಿಲೋವ್ಯಾಟ್ ಬೇಡಿಕೆ ಹಿಡಿದರೆ ಸಾಕು. ಐದಕ್ಕೆ 20, ಹತ್ತಕ್ಕೆ 25, ಇಪ್ಪತ್ತಕ್ಕೆ 35. ಎಲ್ಲ ಒಲೆಗಳೂ ಒಂದೇ ಗಳಿಗೆಯಲ್ಲಿ ಪೂರ್ಣ ಉರಿಯುವುದಿಲ್ಲ, ಎಲ್ಲ ಮನೆಗಳೂ ಒಟ್ಟಿಗೆ ಅಡಿಗೆಗೆ ಕೂರುವುದಿಲ್ಲ ಎಂಬುದು ಇದರ ತರ್ಕ.

ಈ ರಿಯಾಯಿತಿಯನ್ನು ನಮ್ಮ ಒಂಟಿ ಒಲೆಗೆ ಅನ್ವಯಿಸಲಾಗದು. ಅದು ಉರಿದರೆ ಪೂರ್ತಿಯಾಗಿಯೇ ಉರಿಯುತ್ತದೆ. ಪೂರ್ತಿ 2000 ವ್ಯಾಟನ್ನೇ ಹಿಡಿಯಬೇಕು. ಮೇಲಾಗಿ ನಮ್ಮ ಹಬ್ಬಗಳು ಈ ತರ್ಕವನ್ನೇ ಬುಡಮೇಲು ಮಾಡುತ್ತವೆ. ಯುಗಾದಿ ನಮಗೂ ನೆರೆಯ ತೆಲುಗರಿಗೂ ಒಂದೇ ದಿನ. ಇತ್ತ ನಮ್ಮ ಹೋಳಿಗೆ, ಅತ್ತ ಅವರ ಬೊಬ್ಬಟ್ಟು. ಇಡೀ ಕಟ್ಟಡದ ಒಲೆಗಳು ಒಂದೇ ಮುಂಜಾವಿನಲ್ಲಿ ಏಳುತ್ತವೆ. ಇಪ್ಪತ್ತು ಮನೆಗಳ ಒಲೆಗಳೇ 40 ಕಿಲೋವ್ಯಾಟ್ ಕೇಳಿದರೆ ಆಶ್ಚರ್ಯವಿಲ್ಲ. ಕಟ್ಟಡದ ಸಂಘದವರು ಮುಖ್ಯ ತಂತಿಯ ಲೆಕ್ಕ ಹಾಕುವಾಗ ಸಾಮಾನ್ಯ ಮಂಗಳವಾರವನ್ನಲ್ಲ, ಹಬ್ಬದ ಬೆಳಗನ್ನು ಕಣ್ಣೆದುರಿಗೆ ಇಟ್ಟುಕೊಳ್ಳುವುದು ಮೇಲು.

ಸೋದರಿಯರಿಗೆ ನಮ್ಮ ನಾಲ್ಕು ಬಿನ್ನಹಗಳು. ಒಲೆ ಕೊಳ್ಳುವ ಮೊದಲು ಮನೆಗೆ ಮಂಜೂರಾದ ಲೋಡು ಎಷ್ಟೆಂದು ವಿಚಾರಿಸಿರಿ. ಸಾಲದಿದ್ದರೆ ಹೆಚ್ಚಿಸಲು ಅರ್ಜಿ ಕೊಡಿರಿ. ಬಾಡಿಗೆ ಮನೆಯಾದರೆ ಮಾಲೀಕರೊಡನೆ ಮೊದಲೇ ಮಾತನಾಡಿರಿ. ಒಲೆಯನ್ನು ಎಕ್ಸ್‌ಟೆನ್ಶನ್ ತಂತಿಗೆ ಜೋಡಿಸಬೇಡಿರಿ. ಎಂ.ಸಿ.ಬಿ. ಪದೇ ಪದೇ ಬಿದ್ದರೆ ಅದರ ಬದಲು ದೊಡ್ಡದನ್ನು ಹಾಕಿಸಿ ಬಾಯಿ ಮುಚ್ಚಿಸಬೇಡಿರಿ. ತಂತಿ ಹಳೆಯದೇ ಇದ್ದು ಎಂ.ಸಿ.ಬಿ. ಮಾತ್ರ ದೊಡ್ಡದಾದರೆ, ಕಾವಲುಗಾರನನ್ನು ಮಲಗಿಸಿ ಬಾಗಿಲು ತೆರೆದಿಟ್ಟಂತೆ.

ಕೊನೆಯದಾಗಿ ರೊಟ್ಟಿಯ ಮಾತು. ಇಂಡಕ್ಷನ್ ಒಲೆಯ ಮೇಲೆ ತಳ ಸಮವಾದ ಕಬ್ಬಿಣದ ಹಂಚು ಕಾಯುತ್ತದೆ. ಮಣ್ಣಿನದು, ಬರಿಯ ಅಲ್ಯೂಮಿನಿಯಮ್ಮಿನದು ಕಾಯವು. ಜೋಳದ ರೊಟ್ಟಿಯನ್ನು ಕೆಂಡದ ಮೇಲೆ ಉಬ್ಬಿಸುವ ಸುಖ ಅಲ್ಲಿಲ್ಲ. ಆದುದರಿಂದ ಗ್ಯಾಸಿನ ಒಂದು ಒಲೆಯನ್ನೂ ಉಳಿಸಿಕೊಳ್ಳುವುದು ಜಾಣತನ. ಹೊರೆ ಎರಡು ಕಡೆ ಹಂಚಿಹೋಗುತ್ತದೆ, ರೊಟ್ಟಿಯೂ ಉಬ್ಬುತ್ತದೆ.