ಹೊಳೆ ಬರುವ ಮುಂಚೆ ಮನೆ ಸಿದ್ಧವಿರಲಿ



"ನಮ್ಮೂರಲ್ಲಿ ಮಳೇನೇ ಇಲ್ಲ, ಹೊಳೆ ಎಲ್ಲಿಂದ ಬರುತ್ತೆ?" ನಂಜನಗೂಡು, ತಿ. ನರಸೀಪುರದ ಕಡೆ ಈ ಮಾತು ಸಾಮಾನ್ಯ. ಅಪಾಯ ಇರುವುದೇ ಈ ಮಾತಿನಲ್ಲಿ. ಕಪಿಲೆ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿ ಮಳೆ ಜೋರಾದರೆ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಬೇಗ ತುಂಬುತ್ತದೆ, ಗೇಟು ತೆರೆಯುತ್ತಾರೆ. ನಮ್ಮಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. 2018, 2019 ಮತ್ತು 2024ರಲ್ಲಿ ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ರಸ್ತೆಯೇ ಮುಳುಗಿತ್ತು. ತಿ. ನರಸೀಪುರದಲ್ಲಿ ಕಾವೇರಿಯೂ ಸೇರುವುದರಿಂದ ಕೆ.ಆರ್.ಎಸ್. ನೀರನ್ನೂ ಗಮನಿಸಬೇಕು.

ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ನೋಡಿದರೆ ಸಾಲದು, ಅಣೆಕಟ್ಟಿನ ಸುದ್ದಿ ಕೇಳಬೇಕು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 50 ಸಾವಿರ ಕ್ಯುಸೆಕ್ ಬಿಟ್ಟರೆಂದರೆ ಸೆಕೆಂಡಿಗೆ 14 ಲಕ್ಷ ಲೀಟರ್! ಪಂಚಾಯಿತಿಯವರು ಡಂಗುರ ಹೊಡೆಸಿದರೆ, ಮೈಕಿನಲ್ಲಿ ಹೇಳಿದರೆ ಆ ದಿನ ಬಟ್ಟೆ ಒಗೆಯಲು, ದನ ತೊಳೆಯಲು ಹೊಳೆಗೆ ಹೋಗಬೇಡಿ.

ಮೊದಲೇ ಮಾಡಬೇಕಾದದ್ದು

* ರೇಷನ್ ಕಾರ್ಡ್, ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಂದೇ ಚೀಲದಲ್ಲಿಡಿ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಕೊಳ್ಳಿ.
* ಅದೇ ಚೀಲದಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ, ಟಾರ್ಚ್, ಬೆಂಕಿಪೊಟ್ಟಣ, ಒಂದು ಜೊತೆ ಬಟ್ಟೆ ಇರಲಿ.
* ಸಂಘದ ಲೆಕ್ಕದ ಪುಸ್ತಕ ಹೊಳೆದಂಡೆಯ ಮನೆಯಲ್ಲಿದ್ದರೆ ಎತ್ತರದಲ್ಲಿರುವ ಸದಸ್ಯೆಯ ಮನೆಗೆ ಕೊಡಿ. ಉಳಿತಾಯದ ಹಣವನ್ನು ಪೆಟ್ಟಿಗೆಯಲ್ಲಿ ಇಟ್ಕೊಳ್ಳದೆ ಬ್ಯಾಂಕಿಗೆ ಕಟ್ಟಿ.
* ರಾಗಿ, ಅಕ್ಕಿ, ಬಿತ್ತನೆ ಬೀಜವನ್ನು ಅಟ್ಟಕ್ಕೆ ಏರಿಸಿ.

ನೀರು ಬಂದಾಗ

ಕರೆಂಟಿನ ಮೇನ್ ಸ್ವಿಚ್ ಆರಿಸಿ, ಗ್ಯಾಸ್ ರೆಗ್ಯುಲೇಟರ್ ಮುಚ್ಚಿ ಹೊರಡಿ. ದನಕರು ಬೇಗನೆ ಎತ್ತರಕ್ಕೆ ಹೊಡೆಯಿರಿ. ಆಗದಿದ್ದರೆ ಹಗ್ಗವನ್ನಾದರೂ ಬಿಚ್ಚಿ. ಕಟ್ಟಿದ ಹಸು ಈಜಲಾರದು. ಹರಿಯುವ ನೀರು ಅರ್ಧ ಅಡಿ ಇದ್ದರೂ ದೊಡ್ಡವರ ಕಾಲನ್ನೇ ಎಳೆಯುತ್ತದೆ, ಎರಡು ಅಡಿ ಇದ್ದರೆ ಕಾರನ್ನೂ ತೇಲಿಸುತ್ತದೆ. ಮುಳುಗಿದ ಸೇತುವೆ ದಾಟಲು ಗಂಡಸರು ಹೊರಟರೂ ತಡೆಯಿರಿ. ಕಾಳಜಿ ಕೇಂದ್ರಕ್ಕೆ ಹೋಗುವುದರಲ್ಲಿ ನಾಚಿಕೆ ಬೇಡ. ಸಹಾಯಕ್ಕೆ 1077 ಅಥವಾ 112, ಆಂಬುಲೆನ್ಸಿಗೆ 108.

ನೀರು ಇಳಿದ ಮೇಲೆ

ಗುಡಿಸುವ ಮುಂಚೆ ಬಿದ್ದ ಗೋಡೆ, ಹಾಳಾದ ಸಾಮಾನಿನ ಫೋಟೊ ತೆಗೆದು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ತೊಳೆದು ಬಿಟ್ಟರೆ ಪರಿಹಾರ ಕೇಳಲು ಸಾಕ್ಷಿ ಉಳಿಯುವುದಿಲ್ಲ. ಹಾವು ಇರಬಹುದು, ಕೋಲಿನಿಂದ ತಟ್ಟಿ ನೋಡಿ ಒಳಗೆ ಹೋಗಿ. ವೈರಿಂಗ್ ಒಣಗುವ ತನಕ ಸ್ವಿಚ್ ಮುಟ್ಟಬೇಡಿ. ನೀರನ್ನು ಕುದಿಸಿ ಆರಿಸಿಯೇ ಕುಡಿಯಿರಿ. ಭೇದಿಯಾದರೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವೇ ಕೊಡುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಬೀದಿಯಲ್ಲಿ ನಡೆಯಲಾಗದ ಅಜ್ಜಿ, ಬಸುರಿ, ಬಾಣಂತಿ ಯಾರಿದ್ದಾರೆ? ಅವರನ್ನು ಕರೆತರುವ ಹೊಣೆ ಯಾರದು?
2. ರಾತ್ರಿ ಸುದ್ದಿ ಬಂದರೆ ಯಾರು ಯಾರಿಗೆ ಫೋನ್ ಮಾಡಬೇಕು?
3. ಮೊದಲು ಸೇರುವ ಎತ್ತರದ ಜಾಗ ಯಾವುದು?

ತೀರ್ಮಾನವನ್ನು ನಡವಳಿ ಪುಸ್ತಕದಲ್ಲಿ ಬರೆಯಿರಿ. ವಾರಕ್ಕೆ ಹತ್ತು ರೂಪಾಯಿ ಕೂಡಿಟ್ಟು ಕಷ್ಟಕಾಲಕ್ಕೆ ಸಿದ್ಧರಾಗಲು ಕಲಿತವರು ನಾವು. ಹೊಳೆ ಬರುವ ದಿನಕ್ಕೂ ಹಾಗೆಯೇ ಸಿದ್ಧರಾಗೋಣ.